ಕನ್ವರ್ಟಿಬಲ್: ಡೋರ್ ಗ್ಲಾಸ್ ಬೀಡಿಂಗ್‌ಗೆ ಕೂರುತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ತೆರೆದಟಾಪ್:
1960ರ ದಶಕದ ಎರಡು ಬಾಗಿಲಿನ ಅಮೆರಿಕನ್ ಗಾಡಿ, ಚಾಸಿ ಬೇರೆ, ಬಾಡಿ ಬೇರೆ. ಪೇಂಟ್ ಆದಮೇಲೆ ಬಾಗಿಲು ವಾಪಸ್ ಹಾಕಿದೆ, ಬೀಡಿಂಗ್ (ರಬ್ಬರ್ ಸೀಲ್) ಎಲ್ಲ ಹೊಸದು. ಮಡಚುವ ಟಾಪ್ ಹಾಕಿ ಲಾಕ್ ಮಾಡಿದರೆ ಡ್ರೈವರ್ ಕಡೆ ಗ್ಲಾಸ್‌ನ ಹಿಂದಿನ ಮೇಲ್ತುದಿ ಬೀಡಿಂಗ್‌ನಿಂದ 8 ಮಿ.ಮೀ. ಹೊರಗೆ ನಿಲ್ಲುತ್ತದೆ. ಕ್ವಾರ್ಟರ್ ಗ್ಲಾಸ್ (ಬಾಗಿಲಿನ ಹಿಂದಿನ ಬದಿ ಗಾಜು) ಜೊತೆಗಿನ ಸಂದು ಕೆಳಗೆ ಕಿರಿದು, ಮೇಲೆ ಅಗಲ. ಬಾಗಿಲಿನ ಹಿಂದಿನ ಗ್ಯಾಪ್ ಮೇಲೆ 3, ಕೆಳಗೆ 6 ಮಿ.ಮೀ. ಜೋರಾಗಿ ಹಾಕದಿದ್ದರೆ ಬಾಗಿಲು ಲಾಕ್ ಆಗಲ್ಲ. ನೇರವಾಗಿ ಗ್ಲಾಸ್ ಬೋಲ್ಟ್‌ಗಳಿಗೇ ಕೈ ಹಾಕಬಹುದಾ?

ಸ್ಪ್ಯಾನರ್14:
ಬೇಡ. ಹಿಂದಿನ ಗ್ಯಾಪ್ 3–6 ಇರುವ ತನಕ ಗ್ಲಾಸ್ ಹೇಗೆ ಕೂರಿಸಿದರೂ ಮತ್ತೆ ಬಿಚ್ಚಬೇಕಾಗುತ್ತೆ.

ಮೇಲೆ ಬಿಗಿ, ಕೆಳಗೆ ಅಗಲ ಅನ್ನೋದಕ್ಕೆ ಕಾರಣ ಎರಡಿರಬಹುದು: ಬಾಗಿಲು ಹಿಂದೆ ಜೋತಿದೆ, ಇಲ್ಲವೇ ಬಾಡಿಯೇ ನಡುವೆ ಕುಸಿದಿದೆ. ಗೊತ್ತಾಗೋದು ಮುಂದಿನ ಗ್ಯಾಪ್‌ನಿಂದ. ಫೆಂಡರ್ ಕಡೆ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಬಾಗಿಲು ಜೋತಿದೆ. ಅಲ್ಲಿ ಸಮವಾಗಿದ್ದು ಹಿಂದೆ ಮಾತ್ರ ಓರೆ ಇದ್ದರೆ ಬಾಡಿ ಕುಸಿದಿದೆ. ಕನ್ವರ್ಟಿಬಲ್‌ಗೆ ಮೇಲ್ಛಾವಣಿಯ ಬಿಗಿ ಇಲ್ಲದ್ದರಿಂದ ಎರಡನೆಯದು ಅಪರೂಪವೇನಲ್ಲ.

ಅಳೆಯುವಾಗ ಗಾಡಿ ನಾಲ್ಕು ಚಕ್ರದ ಮೇಲೆ, ಸಮ ನೆಲದಲ್ಲಿ ನಿಂತಿರಲಿ. ಜಾಕ್ ಸ್ಟ್ಯಾಂಡ್ ಮೇಲೆ ತೆಗೆದ ಅಳತೆ ನಂಬಬೇಡಿ. ಆಮೇಲೆ ಬಾಗಿಲು ತೆರೆದು ಹಿಂದಿನ ತುದಿ ಹಿಡಿದು ಎತ್ತಿ ನೋಡಿ. ಹಿಂಜ್ ಆಡಿದರೆ ಮೊದಲು ಪಿನ್, ಬುಷ್ ಬದಲಿಸಿ. ಬರೀ ಬೋಲ್ಟ್ ಸರಿಸಿದರೆ ನಿಲ್ಲಲ್ಲ.

ತೆರೆದಟಾಪ್:
ಮುಂದಿನ ಗ್ಯಾಪ್ ಮೇಲಿಂದ ಕೆಳಗೆ 5 ಮಿ.ಮೀ., ಸಮ. ಹಿಂಜ್ ಆಡುತ್ತಿಲ್ಲ.

ಸ್ಪ್ಯಾನರ್14:
ಹಾಗಾದರೆ ಬಾಗಿಲ ಕೆಳಗಿನ ಬಾಡಿ ಮೌಂಟ್‌ಗಳನ್ನು (ಬಾಡಿಗೂ ಚಾಸಿಗೂ ನಡುವಿನ ರಬ್ಬರ್ ಆಧಾರಗಳು) ನೋಡಿ. ರಬ್ಬರ್ ಚಪ್ಪಟೆಯಾಗಿದ್ದರೆ ಬದಲಿಸಿ. ಚೆನ್ನಾಗಿದ್ದರೆ ಆ ಬದಿಯ ಮೌಂಟ್ ಬೋಲ್ಟ್‌ಗಳನ್ನು ಸಡಿಲಿಸಿ (ಪೂರ್ತಿ ತೆಗೆಯಬೇಡಿ), ಜಾಕ್ ಮೇಲೆ ಮರದ ಹಲಗೆ ಇಟ್ಟು ಬಾಡಿಯನ್ನು ನಿಧಾನ ಎತ್ತಿ, ಸುಮಾರು 1.5 ಮಿ.ಮೀ. ಶಿಮ್ (ತೆಳು ಲೋಹದ ಬಿಲ್ಲೆ) ಒಂದೊಂದಾಗಿ ಸೇರಿಸಿ. ಪ್ರತಿ ಶಿಮ್ ನಂತರ ಬೋಲ್ಟ್ ಬಿಗಿ ಮಾಡಿ, ಗಾಡಿ ಇಳಿಸಿ, ಗ್ಯಾಪ್ ಅಳೆಯಿರಿ. ಸಿಲ್ (ಬಾಗಿಲ ಕೆಳಗಿನ ಬಾಡಿಯ ಪಟ್ಟಿ) ಒಳಗೆ ತುಕ್ಕು ಹಿಡಿದಿದ್ದರೆ ಶಿಮ್‌ನಿಂದ ಪ್ರಯೋಜನವಿಲ್ಲ, ಮೊದಲು ಆ ಲೋಹದ ಕೆಲಸ.

ಕೊನೆಗೆ ಹಿಂಜ್ ತಿದ್ದಬೇಕಾದರೆ ಸ್ಟ್ರೈಕರ್ (ಬಾಗಿಲ ಲಾಕ್ ಹಿಡಿಯುವ, ಬಾಡಿ ಕಡೆಯ ಕೊಂಡಿ) ಬಿಚ್ಚಿಡಿ. ಅದು ಇದ್ದರೆ ಬಾಗಿಲನ್ನು ತಾನೇ ಎತ್ತಿ ಹಿಡಿದು ನಿಮಗೆ ಸುಳ್ಳು ಹೇಳುತ್ತೆ. ಹಿಂಜ್ ಸುತ್ತ ಗುರುತು ಗೀಚಿಕೊಂಡು ಒಂದು ಹಿಂಜ್ ಮಾತ್ರ ಸಡಿಲಿಸಿ. 1200 ಮಿ.ಮೀ. ಬಾಗಿಲಿಗೆ ಹಿಂಜ್‌ಗಳ ನಡುವೆ 400 ಇದ್ದರೆ, ಮೇಲಿನ ಹಿಂಜ್ 1 ಮಿ.ಮೀ. ಮುಂದೆ ಹೋದಾಗ ಹಿಂದಿನ ತುದಿ 3 ಮಿ.ಮೀ. ಏಳುತ್ತದೆ. ಆದ್ದರಿಂದ ಒಮ್ಮೆಗೇ ಹೆಚ್ಚು ಸರಿಸಬೇಡಿ, ಕೂದಲೆಳೆಯಷ್ಟು ಸಾಕು.

ಗಾಜುಗಾರ:
ಬಾಗಿಲು ಸರಿಯಾಯಿತು ಅಂದುಕೊಂಡು ಮುಂದಿನದು ಹೇಳ್ತೀನಿ. ಗ್ಲಾಸ್ ಕೆಲಸ ಟಾಪ್ ಹಾಕಿ ಲಾಕ್ ಮಾಡಿಯೇ. ಮೊದಲು ವೆಂಟ್ ಗ್ಲಾಸ್ (ಬಾಗಿಲಿನ ಮುಂದಿನ ಸಣ್ಣ ಗಾಜು) ಫ್ರೇಮ್ ವಿಂಡ್‌ಶೀಲ್ಡ್ ಕಂಬಕ್ಕೆ ಕೂರಲಿ, ಡೋರ್ ಗ್ಲಾಸ್ ಅದರ ಹಿಂದಿನ ಚಾನೆಲ್‌ನಲ್ಲೇ ಓಡುವುದು. ನಂತರ ಡೋರ್ ಗ್ಲಾಸ್. ಕ್ವಾರ್ಟರ್ ಗ್ಲಾಸ್ ಕೊನೆಗೆ.

ನಿಮ್ಮ 8 ಮಿ.ಮೀ. ಹೊರವಾಲು ಸರಿ ಮಾಡೋದು ಕೆಳಗಿನ ಚಾನೆಲ್ ಬೋಲ್ಟ್‌ಗಳಲ್ಲಿ. ಗ್ಲಾಸ್ ಬಾಗಿಲಿನ ಮೇಲಂಚಿನಲ್ಲಿ ತಿರುಗುತ್ತದೆ, ಆದ್ದರಿಂದ ಅದರ ಬುಡವನ್ನು ಹೊರಕ್ಕೆ ತಳ್ಳಿದರೆ ತುದಿ ಒಳಕ್ಕೆ ವಾಲುತ್ತದೆ. ಹೊರಗೆ ಕಾಣುವ ಗಾಜು ಒಳಗಿನದಕ್ಕಿಂತ ಉದ್ದ ಇರುವುದರಿಂದ ತುದಿಯ ಚಲನೆ ಬುಡಕ್ಕಿಂತ ಹೆಚ್ಚು.

ಕ್ವಾರ್ಟರ್ ಗ್ಲಾಸ್ ಕಡೆಯ ಓರೆ ಬಾಡಿ ಸರಿಯಾದಾಗ ಬದಲಾಗಬಹುದು, ಮತ್ತೆ ಅಳೆಯಿರಿ. ಆಗಲೂ ಮೇಲೆ ಅಗಲವಿದ್ದರೆ ಡೋರ್ ಗ್ಲಾಸ್‌ನ ಮುಂದಿನ ತುದಿ ಏಳಬೇಕು, ಹಿಂದಿನದು ಇಳಿಯಬೇಕು. ರೆಗ್ಯುಲೇಟರ್ (ಗ್ಲಾಸ್ ಎತ್ತಿಳಿಸುವ ಯಂತ್ರ) ರೋಲರ್ ಓಡುವ ಅಡ್ಡ ಚಾನೆಲ್‌ನಿಂದ ಅದನ್ನು ಮಾಡಿ. ಎತ್ತರ ನಿಲ್ಲಿಸುವ ಸ್ಟಾಪ್‌ಗಳು ಆಮೇಲೆ.

ಹೊಂದಿಸುವಾಗ ಗ್ಲಾಸ್ ಪೂರ್ತಿ ಎತ್ತಿ ಬಾಗಿಲು ಬಡಿಯಬೇಡಿ. 50 ಮಿ.ಮೀ. ಇಳಿಸಿ ಬಾಗಿಲು ಹಾಕಿ, ಒಳಗೆ ಕೂತು ನಿಧಾನ ಎತ್ತಿ. ಟಫನ್ಡ್ ಗ್ಲಾಸ್‌ನ ಅಂಚು ಲೋಹಕ್ಕೆ ತಾಕಿತೋ, ಪುಡಿ. ಬೋಲ್ಟ್ ಹಾಯುವ ಕಡೆ ಪ್ಲಾಸ್ಟಿಕ್ ಬುಷ್ ಇಲ್ಲದಿದ್ದರೂ ಅದೇ ಗತಿ.

ರಬ್ಬರ್‌ಪಟ್ಟಿ:
ಬಾಗಿಲು ಬಡಿಯಬೇಕಾಗುವುದು ಬಹುಪಾಲು ಬೀಡಿಂಗ್ ತಪ್ಪು. ಡೋರ್ ಬೀಡಿಂಗ್ ತೆಗೆದು ಒಮ್ಮೆ ಹಾಕಿ ನೋಡಿ. ಮೆಲ್ಲಗೆ ಲಾಕ್ ಆದರೆ ಸ್ಟ್ರೈಕರ್ ಸರಿಯಿದೆ, ರಬ್ಬರ್ ದಪ್ಪ ಅಥವಾ ಗಟ್ಟಿ. ಹೊಸದು ಸ್ವಲ್ಪ ಗಟ್ಟಿಯೇ ಇರುತ್ತೆ, ಬಾಗಿಲು ಮುಚ್ಚಿಟ್ಟರೆ ಕೆಲ ದಿನಗಳಲ್ಲಿ ಒತ್ತಿ ಕೂರುತ್ತೆ. ಸ್ಟ್ರೈಕರ್ ಹೊರಕ್ಕೆ ಸರಿಸಿ ಸುಲಭ ಮಾಡಿಕೊಂಡರೆ ಆಮೇಲೆ ಗಾಳಿ ಸದ್ದು ತಪ್ಪಿದ್ದಲ್ಲ.

ಗ್ಲಾಸ್ ಒತ್ತಡ ಪರೀಕ್ಷೆಗೆ ಕಾಗದದ ಪಟ್ಟಿ ಸಾಕು. ಬೀಡಿಂಗ್‌ಗೂ ಗ್ಲಾಸಿಗೂ ನಡುವೆ ಸಿಕ್ಕಿಸಿ ಎಳೆಯಿರಿ: ಎಲ್ಲ ಕಡೆ ಒಂದೇ ರೀತಿ ಬಿಗಿಯಾಗಿ ಬರಬೇಕು, ಎಲ್ಲೂ ಹರಿಯಬಾರದು. ನಂತರ ಪೈಪ್ ನೀರು ಬಿಡಿ, ಆದರೆ ಒತ್ತಡ ಹಾಕಬೇಡಿ.

ಬಾಗಿಲೊಳಗೆ ಸ್ವಲ್ಪ ನೀರು ಇಳಿಯುವುದು ಸಹಜ, ಅದು ತಳದ ತೂತುಗಳಿಂದ ಹೊರಗೆ ಹೋಗಬೇಕು. ಪೇಂಟ್ ಅಥವಾ ಅಂಡರ್‌ಕೋಟ್ ಅವನ್ನು ಮುಚ್ಚಿದೆಯಾ ಅಂತ ಒಂದು ತಂತಿ ಹಾಕಿ ನೋಡಿ. ಟ್ರಿಮ್ (ಬಾಗಿಲಿನ ಒಳ ಹೊದಿಕೆ) ಹಾಕುವ ಮುಂಚೆ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಅದರ ಕೆಳ ಅಂಚು ಬಾಗಿಲ ಒಳಕ್ಕೆ ಹೋಗುವಂತೆ.