ಸಣ್ಣ ದೋಣಿಯ ಚಾವಣಿಗೆ ಯಾವ ಕಯಾಕ್ ರ‍್ಯಾಕ್ ಹಾಕಿಸಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 6 ಮೀಟರ್ ಉದ್ದದ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್. ಜನ, ಸಾಮಾನು ಎಲ್ಲ ಸೇರಿ ಸುಮಾರು 1,400 ಕೆ.ಜಿ. ಕ್ಯಾಬಿನ್ ಚಾವಣಿ 1.6 ಮೀಟರ್ ಉದ್ದ, 1.4 ಮೀಟರ್ ಅಗಲ ಅಷ್ಟೇ. ಅದರಲ್ಲೂ ಮುಂದೆ ಎಡಗಡೆ ಗಾಳಿಕಿಂಡಿಯ ಮುಚ್ಚಳ ಇದೆ, ಹಿಂದೆ ಎಡಮೂಲೆಯಲ್ಲಿ ಬಿಳಿ ದೀಪದ ಕಂಬ ಇದೆ. ಎರಡು ಪ್ಲಾಸ್ಟಿಕ್ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ) ಒಯ್ಯಬೇಕು. ತಲಾ 3 ಮೀಟರ್ ಉದ್ದ, 70 ಸೆಂ.ಮೀ. ಅಗಲ, 22 ಕೆ.ಜಿ.; ಒಳಗೆ ಕಾಲು ಚಾಚಿ ಕೂರುವ ಬಗೆಯವು. ಕಾರಿಗೆ ಹಾಕುವ ಜೆ ಆಕಾರದ ರ‍್ಯಾಕ್ ತಂದು ಎರಡನ್ನೂ ಮಗ್ಗುಲಾಗಿ ನಿಲ್ಲಿಸಿದರೆ ಜಾಗ ಉಳಿಯುತ್ತದಲ್ಲ ಅಂತ ಯೋಚನೆ. ಸರಿ ಹೋಗುತ್ತದೆಯೇ?

ಉತ್ತರ: ಬೇಡ ಮೇಡಂ. ಜೆ ರ‍್ಯಾಕ್ ಕಾರಿಗೆ ಒಪ್ಪುತ್ತದೆ, ಏಕೆಂದರೆ ಕಾರು ಹೊಯ್ದಾಡುವುದಿಲ್ಲ. ಆ ರ‍್ಯಾಕ್ ಅಗಲದಲ್ಲಿ ಉಳಿಸಿಕೊಟ್ಟಿದ್ದನ್ನು ಎತ್ತರದಲ್ಲಿ ವಸೂಲು ಮಾಡುತ್ತದೆ. ಸಣ್ಣ ದೋಣಿಯಲ್ಲಿ ನಾವು ಮೊದಲು ಹೆದರಬೇಕಾದದ್ದು ಎತ್ತರದಲ್ಲಿ ಕೂತ ತೂಕಕ್ಕೆ.

ನಿಮ್ಮ ಅಳತೆಗಳನ್ನೇ ಇಟ್ಟು ಲೆಕ್ಕ ಹಾಕೋಣ. ಎರಡು ಕಯಾಕ್ 44 ಕೆ.ಜಿ., ರ‍್ಯಾಕ್ 10 ಕೆ.ಜಿ. ಎಂದುಕೊಳ್ಳಿ. ಮಗ್ಗುಲಾಗಿ ನಿಲ್ಲಿಸಿದಾಗ ಈ ಭಾರ ದೋಣಿಯ ಗುರುತ್ವ ಕೇಂದ್ರಕ್ಕಿಂತ ಸುಮಾರು 2 ಮೀಟರ್ ಮೇಲಿರುತ್ತದೆ. 54ನ್ನು 2ರಿಂದ ಗುಣಿಸಿ, ಒಟ್ಟು ತೂಕ 1,454ರಿಂದ ಭಾಗಿಸಿ: ಗುರುತ್ವ ಕೇಂದ್ರ 7 ಸೆಂ.ಮೀ.ಗೂ ಹೆಚ್ಚು ಮೇಲೇರುತ್ತದೆ. ಒಂದೇ ಕಯಾಕನ್ನು ತಗ್ಗಿನ ರ‍್ಯಾಕ್ ಮೇಲೆ ಬೋರಲು ಮಲಗಿಸಿದರೆ, ರ‍್ಯಾಕ್ ಸೇರಿ 28 ಕೆ.ಜಿ., ಎತ್ತರ 1.7 ಮೀಟರ್, ಏರಿಕೆ 3 ಸೆಂ.ಮೀ. ಚಿಲ್ಲರೆ. ಅಂದರೆ ಅರ್ಧಕ್ಕಿಂತ ಕಡಿಮೆ.

ಗಾಳಿಯದ್ದೂ ಇದೇ ಕಥೆ. ಮಗ್ಗುಲಾಗಿ ನಿಂತ ಕಯಾಕ್ ಪಕ್ಕದ ಗಾಳಿಗೆ ಸುಮಾರು ಒಂದೂವರೆ ಚದರ ಮೀಟರ್ ಮೈ ಒಡ್ಡುತ್ತದೆ. ಗಂಟೆಗೆ 54 ಕಿ.ಮೀ. ವೇಗದ ಗಾಳಿ ಅದನ್ನು 20 ಕೆ.ಜಿ. ಭಾರದಷ್ಟು ಬಲದಿಂದ ತಳ್ಳುತ್ತದೆ, ಅದೂ ಚಾವಣಿಗಿಂತ ಮೇಲೆ. ಮಲಗಿಸಿದರೆ ಆ ಬಲವೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಿಧಾನವಾಗಿ ದಡಕ್ಕೆ ಬರುವಾಗ ಇದರ ವ್ಯತ್ಯಾಸ ಚುಕ್ಕಾಣಿ ಹಿಡಿದವರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಾಗಾಗಿ ನನ್ನ ಸಲಹೆ: ಚಾವಣಿಗೆ ಒಂದೇ ಕಯಾಕ್. ಚಾವಣಿಗೆ ಆದಷ್ಟು ಅಂಟಿಕೊಂಡಂತಿರುವ ಎರಡು ಅಡ್ಡಕಂಬಿ, 1.3 ಮೀಟರ್ ಅಂತರದಲ್ಲಿ. ಕಯಾಕನ್ನು ಬಲಗಡೆಗೆ ಸರಿಸಿ ಬೋರಲು ಕಟ್ಟಿ. ಒಂದು ಕಂಬಿ ಕೂರುವ ಗುಂಡಿಯ ಮುಂದೆ, ಇನ್ನೊಂದು ಹಿಂದೆ ಬರಬೇಕು; ಗುಂಡಿಯ ಅಂಚಿನ ಮೇಲೆ ಭಾರ ಬೀಳಬಾರದು. ಕಂಬಿಗೆ ಫೋಮ್ ಸುತ್ತಿ. ಮಧ್ಯರೇಖೆಯಿಂದ 25 ಸೆಂ.ಮೀ. ಸರಿದರೂ ಚಿಂತೆಯಿಲ್ಲ, 75 ಕೆ.ಜಿ. ತೂಕದ ಒಬ್ಬರು ಸೀಟಿನಲ್ಲಿ 7 ಸೆಂ.ಮೀ. ಆಚೆ ಸರಿದು ಕೂತಷ್ಟೇ ಅದರ ಪರಿಣಾಮ. ಗಾಳಿಕಿಂಡಿಯ ಮೇಲೆ ಮಾತ್ರ ಯಾವ ಕಾರಣಕ್ಕೂ ಕಟ್ಟಬೇಡಿ. ಕ್ಯಾಬಿನ್ನಿನಲ್ಲಿ ಬೆಂಕಿ ಅಥವಾ ನೀರು ಬಂದರೆ ಹೊರಬರುವ ದಾರಿ ಅದು.

ಬೋರಲು ಯಾಕೆ ಎಂದರೆ, ಅಂಗಾತ ಇಟ್ಟ ಕಯಾಕಿನೊಳಗೆ ಮಳೆನೀರು ನಿಲ್ಲುತ್ತದೆ. 30 ಲೀಟರ್ ನಿಂತರೆ 30 ಕೆ.ಜಿ. ಹೊಸ ಭಾರ. ಅದು ಸುಮ್ಮನೆ ಇರುವ ಭಾರವೂ ಅಲ್ಲ. ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ.

ಪ್ರಶ್ನೆ: ಧನ್ಯವಾದ ಸರ್, ಲೆಕ್ಕ ನೋಡಿದ ಮೇಲೆ ಅರ್ಥವಾಯಿತು. ಎರಡನೆಯದನ್ನು ಏನು ಮಾಡಲಿ? ಮತ್ತೆ ಚಾವಣಿಗೆ ತೂತು ಹಾಕದೆ, ಒತ್ತಿದರೆ ಅಂಟಿಕೊಳ್ಳುವ ರಬ್ಬರಿನ ಸಕ್ಷನ್ ಕಪ್‌ನಲ್ಲಿ ಕೂರಿಸಬಹುದೇ?

ಉತ್ತರ: ಎರಡನೆಯದಕ್ಕೆ ಗಾಳಿ ತುಂಬುವ ಕಯಾಕ್ ನೋಡಿ. ಗಾಳಿ ತೆಗೆದು ಮಡಚಿ ಕ್ಯಾಬಿನ್ ನೆಲದಲ್ಲಿ ಇಟ್ಟರೆ ಅದರ ತೂಕ ದೋಣಿಯನ್ನು ಕೆಡಿಸುವ ಬದಲು ಸ್ಥಿರವಾಗಿಡುತ್ತದೆ.

ಸಕ್ಷನ್ ಕಪ್ ಬೇಡವೇ ಬೇಡ. ಉಪ್ಪು, ಬಿಸಿಲು, ಎಂಜಿನ್ನಿನ ನಡುಕ, ಈ ಮೂರರಲ್ಲಿ ಯಾವುದಾದರೂ ಒಂದು ಅದರ ಹಿಡಿತ ಸಡಿಲಿಸುತ್ತದೆ. ಬೋಲ್ಟ್ ಹಾಕಿಸಿ, ಆದರೆ ಹಾಕುವ ಕ್ರಮ ಸರಿಯಿರಬೇಕು. ಫೈಬರ್ ಚಾವಣಿ ಬಹಳ ಸಲ ಎರಡು ಪದರದ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇಟ್ಟು ಮಾಡಿದ್ದಾಗಿರುತ್ತದೆ. ಬರೀ ತೂತು ಕೊರೆದು ಬೋಲ್ಟ್ ಬಿಗಿದರೆ ನೀರು ಒಳಗಿಳಿದು ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮೊದಲು ದೊಡ್ಡ ತೂತು ಕೊರೆದು, ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಬೇಕು. ಒಳಗಡೆ ಅಗಲವಾದ ಫೈಬರ್ ಫಲಕ ಕೊಟ್ಟು ನಟ್ ಬಿಗಿಯಬೇಕು, ಮೇಲೆ ನೀರು ಇಳಿಯದಂತೆ ಮರೀನ್ ಸೀಲೆಂಟ್. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ಅಡ್ಡಕಂಬಿ ಅಲ್ಯೂಮಿನಿಯಂ ಆದರೆ ಎರಡು ಲೋಹ ನೇರ ತಾಗದಂತೆ ನೈಲಾನ್ ವಾಷರ್ ಹಾಕಿಸಿ, ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ.

ಬಿಳಿ ದೀಪವನ್ನು ಮರೆಯಬೇಡಿ. ಕಂಬಿ, ಕಯಾಕ್ ಸೇರಿ ಚಾವಣಿಗಿಂತ ಸುಮಾರು 45 ಸೆಂ.ಮೀ. ಎತ್ತರವಾಗುತ್ತದೆ. ದೀಪ ಅದಕ್ಕಿಂತ ಕೆಳಗಿದ್ದರೆ ಬಲಗಡೆಯಿಂದ ಬರುವ ದೋಣಿಗೆ ಆ ದೀಪ ಕಾಣುವುದೇ ಇಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಸುತ್ತಲೂ ಕಾಣಬೇಕಾದ ದೀಪಕ್ಕೆ 6 ಡಿಗ್ರಿಗಿಂತ ಹೆಚ್ಚು ಅಡ್ಡ ಇರಬಾರದು. ಕಂಬ ಎತ್ತರಿಸಿ. ಹಾಗೆಯೇ ಕಯಾಕಿನ ಮೂತಿ ಮುಂಗಾಜಿನ ಮೇಲೆ ಚಾಚಿ ನೋಟಕ್ಕೆ ಅಡ್ಡ ಬರುತ್ತದೆಯೇ ಎಂದು ಸೀಟಿನಲ್ಲಿ ಕೂತು ನೋಡಿ.

ಇನ್ನೊಬ್ಬರು: ಮೀನುಗಾಳದ ಕೋಲು ಸಿಕ್ಕಿಸುವ ಹೋಲ್ಡರಿಗೆ ಹಾಕುವ ಪಕ್ಕದ ರ‍್ಯಾಕ್ ಬರುತ್ತದಲ್ಲ ಸರ್, ಅದು ಚಾವಣಿಗಿಂತ ತಗ್ಗಿನಲ್ಲಿದೆ. ಅದು ಇನ್ನೂ ಉತ್ತಮವಲ್ಲವೇ?

ಉತ್ತರ: ತಗ್ಗಿನಲ್ಲಿರುವುದು ನಿಜ, ಅದು ಒಳ್ಳೆಯದೇ. ಹೋಲ್ಡರ್ ಸ್ಕ್ರೂನಲ್ಲಿ ನಿಂತಿದ್ದರೆ ಮಾತ್ರ ಬೇಡ. ಆರಪಾರ ಬೋಲ್ಟ್ ಹಾಕಿ ಕೆಳಗೆ ಫಲಕ ಕೊಟ್ಟಿರಬೇಕು. ಕಯಾಕ್ ದೋಣಿಯ ಅಂಚಿನಿಂದ ಒಳಗೇ ಇರಬೇಕು. ಹೊರಗೆ ನೇತಾಡಿದರೆ ಅಲೆ ಬಡಿದು ಕಿತ್ತುಕೊಂಡು ಹೋಗುತ್ತದೆ, ದಡಕ್ಕೆ ತಾಗಿಸುವಾಗ ಮೊದಲು ಗುದ್ದುವುದೂ ಅದೇ. ಮೇಡಂ ಹೇಳಿದ ದೋಣಿಯಲ್ಲಿ ಪಕ್ಕದಲ್ಲಿ ನಡೆಯುವ ಜಾಗ ಕಿರಿದಾಗಿದ್ದರೆ ಅದು ಮುಚ್ಚಿಹೋಗುತ್ತದೆ, ಅದಕ್ಕೇ ನಾನು ಮೊದಲು ಹೇಳಲಿಲ್ಲ.

ಪ್ರಶ್ನೆ: ಕೊನೆಯದೊಂದು. ಎಷ್ಟೋ ಸಲ ನಾನೊಬ್ಬಳೇ ಇರುತ್ತೇನೆ. 22 ಕೆ.ಜಿ. ತಲೆಯ ಮೇಲೆ ಎತ್ತಿ ಇಡಬಲ್ಲೆನೇ ಅಂತ ಭಯ.

ಉತ್ತರ: ಎತ್ತಲೇಬೇಡಿ, ಜಾರಿಸಿ. ಹಿಂದಿನ ಅಡ್ಡಕಂಬಿಗೆ ಸುಲಭವಾಗಿ ಉರುಳುವ ರೋಲರ್ ಹಾಕಿಸಿ. ನೀವು ಹಿಂಭಾಗದ ತಗ್ಗಿನ ಜಾಗದಲ್ಲಿ ಎರಡೂ ಕಾಲೂರಿ ನಿಂತು, ಕಯಾಕಿನ ಮೂತಿಯನ್ನು ರೋಲರಿಗೆ ಆನಿಸಿ, ಹಿಂದಿನಿಂದ ತಳ್ಳಿ. ಹೀಗೆ ಒಂದು ಸಲಕ್ಕೆ ಅರ್ಧ ತೂಕವಷ್ಟೇ ಕೈಗೆ ಬರುತ್ತದೆ. ಪಕ್ಕದ ಅಂಚಿನ ಮೇಲೆ ನಿಂತು ಎತ್ತುವುದು ಮಾತ್ರ ಬೇಡ. ಕಟ್ಟಲು ಪಾಲಿಯೆಸ್ಟರ್ ಪಟ್ಟಿ ಬಳಸಿ. ನೈಲಾನ್ ನೆನೆದಾಗ ಹಿಗ್ಗುತ್ತದೆ. ರ‍್ಯಾಚೆಟ್ (ಹಲ್ಲುಚಕ್ರದ ಹಿಡಿಕೆಯಿಂದ ಬಿಗಿಯುವ ಸಾಧನ) ಬದಲು ಕೈಯಲ್ಲೇ ಎಳೆದು ಬಿಗಿಯುವ ಕ್ಯಾಮ್ ಬಕಲ್ ಇರಲಿ, ಬಿಸಿಲಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಅತಿಯಾಗಿ ಬಿಗಿದರೆ ತಗ್ಗು ಬೀಳುತ್ತದೆ. ಮೂತಿಗೂ ಬಾಲಕ್ಕೂ ಒಂದೊಂದು ಹಗ್ಗ ಬೇರೆ ಕಟ್ಟಿ.

ರ‍್ಯಾಕ್ ಕೂರಿಸುವ ಮೊದಲು ನಿಂತ ನೀರಿನಲ್ಲಿ ಹಗ್ಗ ಸಡಿಲ ಬಿಟ್ಟು ದೋಣಿಯನ್ನು ಮೆಲ್ಲಗೆ ತೂಗಿ, ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡ್ ಎಂದು ಬರೆದಿಡಿ. ಕಯಾಕ್ ಕಟ್ಟಿದ ಮೇಲೆ ಅಷ್ಟೇ ಜನ, ಅಷ್ಟೇ ಸಾಮಾನು ಇಟ್ಟುಕೊಂಡು ಮತ್ತೆ ಅಳೆಯಿರಿ. ಸ್ವಲ್ಪ ಹೆಚ್ಚುವುದು ಸಹಜ. ದೋಣಿ ವಾಲಿದ ಕಡೆಯೇ ತಡೆದು ನಿಂತು ಸೋಮಾರಿಯಾಗಿ ಮರಳುತ್ತಿದ್ದರೆ ಕಯಾಕ್ ಇಳಿಸಿ, ಎರಡೂ ಅಂಕಿಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.