ರಾಯ್ ಎಲ್ಡ್ರಿಜ್ ಕೇಳೋಕೆ ಎಲ್ಲಿಂದ ಶುರು ಮಾಡಬೇಕು?

ಹೊಸ ಕೇಳುಗ: ಸ್ವಿಂಗ್ ಕಾಲದ (ಮೂವತ್ತು-ನಲವತ್ತರ ದಶಕದ ಜಾಝ್) ಟ್ರಂಪೆಟ್ ಅಂದ್ರೆ ನನಗೆ ಲೂಯಿ ಆರ್ಮ್‌ಸ್ಟ್ರಾಂಗ್, ಅಲ್ಲಿಂದ ನೇರ ಡಿಜ್ಜಿ ಗಿಲೆಸ್ಪಿ. ಇಬ್ಬರ ನಡುವಿನ ಕೊಂಡಿ ರಾಯ್ ಎಲ್ಡ್ರಿಜ್ ಅಂತ ಎಲ್ಲ ಕಡೆ ಓದ್ತೀನಿ. ಐವತ್ತರ ದಶಕದ ಒಂದು ಜಾಮ್ ಸೆಷನ್ (ತಯಾರಿಯಿಲ್ಲದೆ ಎಲ್ಲ ಕೂಡಿ ನುಡಿಸೋದು) ಹಾಕಿದ್ರೆ ಬರೀ ತಾರಸ್ಥಾಯಿಯಲ್ಲಿ ಕೂಗಾಟ. ಈ ಮನುಷ್ಯ ಇಷ್ಟೇನಾ?

ಡ್ರಮ್ ಪ್ರೇಮಿ: ಡ್ರಮ್ಮರ್ ಜೀನ್ ಕ್ರೂಪಾ ಬ್ಯಾಂಡಿನ 'ಲೆಟ್ ಮಿ ಆಫ್ ಅಪ್‌ಟೌನ್' ಕೇಳಿ, 1941ರದ್ದು. ಗಾಯಕಿ ಅನಿತಾ ಓಡೇ ಜೊತೆ ಮಾತಾಡ್ತಾ ತಮಾಷೆ ಮಾಡ್ತಾ ರಾಯ್ ಟ್ರಂಪೆಟ್ ಎತ್ತಿಕೊಳ್ತಾನೆ. ಅಷ್ಟು ಸಾಕು.

ಹಳೇ ತಟ್ಟೆ: ಸಾಲದು ಸ್ವಾಮಿ! ಆ ಹಾಡು ಚೆನ್ನಾಗಿದೆ, ಆದ್ರೆ ಅದರಲ್ಲಿ ರಾಯ್ ಅರ್ಧ ನಟ. ಅದೇ ಬ್ಯಾಂಡಿನ 'ರಾಕಿನ್ ಚೇರ್' ಹಾಕಿ, ಅದೂ 1941. ನಿಧಾನ ಗತಿ, ಇಡೀ ರೆಕಾರ್ಡು ಹೆಚ್ಚುಕಮ್ಮಿ ಅವನೊಬ್ಬನದೇ.

ನನ್ನನ್ನು ಕೇಳಿದ್ರೆ ಶುರು ಮಾಡಬೇಕಾದ್ದು 1937ರಿಂದ. ಷಿಕಾಗೋದ ತ್ರೀ ಡ್ಯೂಸಸ್ ಕ್ಲಬ್ಬಲ್ಲಿ ಅವನದೇ ಸಣ್ಣ ಬ್ಯಾಂಡಿತ್ತು. ಅಣ್ಣ ಜೋ ಆಲ್ಟೋ ಸ್ಯಾಕ್ಸೊಫೋನು, ಝುಟಿ ಸಿಂಗಲ್‌ಟನ್ ಡ್ರಮ್ಮು. 'ಹೆಕ್ಲರ್ಸ್ ಹಾಪ್', 'ವಾಬಾಶ್ ಸ್ಟಾಂಪ್' ಆ ವರ್ಷದ ಜನವರಿಯವು. ಅಲ್ಲಿನ ಓಟ ಟ್ರಂಪೆಟ್ಟಿನದು ಅನ್ನಿಸೋದೇ ಇಲ್ಲ. ಯಾಕೆಂದ್ರೆ ಹುಡುಗನಾಗಿದ್ದಾಗ ಅವನು ಬಾಯಿಪಾಠ ಮಾಡಿದ್ದು ಕೋಲ್‌ಮನ್ ಹಾಕಿನ್ಸ್‌ನ ಸ್ಯಾಕ್ಸೊಫೋನ್ ಸೋಲೊ, ಫ್ಲೆಚರ್ ಹೆಂಡರ್ಸನ್ ಬ್ಯಾಂಡಿನ 'ಸ್ಟಾಂಪೀಡ್'ನಲ್ಲಿರೋದು. ಡಿಜ್ಜಿಗೆ ಮಾದರಿಯಾದದ್ದು ರಾಯ್‌ನ ಈ ಶೈಲಿಯೇ. ಅಷ್ಟಕ್ಕೇ ಇವನನ್ನು 'ಕೊಂಡಿ' ಅಂದುಬಿಡೋದು ನನಗೆ ಹಿಡಿಸಲ್ಲ. ಕೊಂಡಿಯನ್ನ ಯಾರೂ ಕೂತು ಕೇಳಲ್ಲ.

ಇನ್ನೊಂದು ವಿಷಯ. ಕ್ರೂಪಾ, ಆಮೇಲೆ ಕ್ಲಾರಿನೆಟ್ ವಾದಕ ಆರ್ಟಿ ಶಾ, ಎರಡೂ ಬಿಳಿಯರ ಬ್ಯಾಂಡು; ರಾಯ್ ಕಪ್ಪು ಜನಾಂಗದವನು. ಶಾ ಬ್ಯಾಂಡಿನಲ್ಲಿದ್ದಾಗ, ಬೋರ್ಡಿನ ಮೇಲೆ ಅವನ ಹೆಸರಿದ್ದ ಸಭಾಂಗಣದ ಬಾಗಿಲಲ್ಲೇ ಅವನನ್ನು ತಡೆದು ನಿಲ್ಲಿಸಿದ್ದರಂತೆ. ಆ ಶಾ ಬ್ಯಾಂಡಿನಲ್ಲೇ 1945ರಲ್ಲಿ 'ಲಿಟಲ್ ಜಾಝ್' ಅಂತ ಅವನ ಅಡ್ಡಹೆಸರಿನ ರೆಕಾರ್ಡು ಬಂತು. ಬಾಗಿಲಲ್ಲಿ ತಡೆದದ್ದನ್ನ ತಲೇಲಿಟ್ಟುಕೊಂಡು ಕೇಳಿದ್ರೆ ಆ ಹೆಸರಿನ ಮುದ್ದು ಸ್ವಲ್ಪ ಕಹಿಯಾಗುತ್ತೆ.

ಹೊಸ ಕೇಳುಗ: 'ಹೆಕ್ಲರ್ಸ್ ಹಾಪ್' ಈಗಷ್ಟೇ ಕೇಳಿದೆ. ಅಬ್ಬಾ! ಹಾಗಾದ್ರೆ ಐವತ್ತರ ದಶಕದ್ದೆಲ್ಲ ಬಿಟ್ಟುಬಿಡಲಾ?

ಹಳೇ ತಟ್ಟೆ: ಬಿಡಿ. ಆ ಜಾಮ್ ಸೆಷನ್‌ಗಳಲ್ಲಿ ಜನ ಚಪ್ಪಾಳೆ ತಟ್ಟಿದಷ್ಟೂ ಅವನು ಮೇಲೆ ಹತ್ತುತ್ತಿದ್ದ.

ಪಿಯಾನೊ ಪಕ್ಷ: ದಯವಿಟ್ಟು ಬಿಡಬೇಡಿ! 1950ರಲ್ಲಿ ಬೆನ್ನಿ ಗುಡ್‌ಮನ್ ಜೊತೆ ಯೂರೋಪಿಗೆ ಹೋದವನು ಪ್ಯಾರಿಸ್ಸಲ್ಲೇ ಉಳಿದ. ಮರುವರ್ಷ ಅಲ್ಲಿ ಕ್ಲಾಡ್ ಬೋಲಿಂಗ್ ಪಿಯಾನೊ ಜೊತೆ ಇಬ್ಬರೇ ನುಡಿಸಿದ 'ವೈಲ್ಡ್ ಮ್ಯಾನ್ ಬ್ಲೂಸ್' ಇದೆ. ಡ್ರಮ್ಮಿಲ್ಲ, ಬ್ಯಾಂಡಿಲ್ಲ, ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಆರ್ಮ್‌ಸ್ಟ್ರಾಂಗ್ 1927ರಲ್ಲಿ ನುಡಿಸಿದ್ದ ಹಾಡು ಅದು. ಎರಡನ್ನೂ ಒಂದಾದ ಮೇಲೊಂದು ಹಾಕಿ ನೋಡಿ.

ಹಳೇ ತಟ್ಟೆ: ಸರಿ, ಅದೊಂದಕ್ಕೆ ವಿನಾಯಿತಿ.