ಹಳೆ ಟೊಯೋಟಾ 86, ಹೊಸ ಜಿಆರ್86: ಎಂಜಿನ್ ಎಳೆತದಲ್ಲಿ ಏನು ವ್ಯತ್ಯಾಸ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ. 2012ರಲ್ಲಿ ಬಂದ 86ಕ್ಕೂ ಜಿಆರ್86ಕ್ಕೂ ಓಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದಾ, ಇಲ್ಲ ಸುಮ್ನೆ ಅಂಕಿಸಂಖ್ಯೆಯಾ?

ಉತ್ತರ 1: ಚೆನ್ನಾಗೇ ಗೊತ್ತಾಗುತ್ತದೆ. ಹಳೆಯದರ 2.0 ಲೀಟರ್ ಎಂಜಿನ್ ಪೂರ್ತಿ 205 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುವುದು 6400 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು), ಅದಕ್ಕೂ ಮುಂಚೆ 4000ದ ಆಸುಪಾಸಿನಲ್ಲಿ ಎಳೆತ ಕುಗ್ಗುತ್ತದೆ ಬೇರೆ, ಓವರ್‌ಟೇಕ್ ಮಾಡಬೇಕಾದರೆ ಗೇರ್ ಇಳಿಸಲೇಬೇಕು. ಹೊಸದು 2.4 ಲೀಟರ್. 250 ಎನ್‌ಎಂ 3700ಕ್ಕೇ ಸಿಗುತ್ತದೆ.

ಉತ್ತರ 2: ಟರ್ಬೊ ಹಾಕಿದ್ದಾರಾ ಹಾಗಾದ್ರೆ?

ಉತ್ತರ 1: ಇಲ್ಲ ಗುರೂ, ಎರಡಕ್ಕೂ ಟರ್ಬೊ ಇಲ್ಲ. ಎಂಜಿನ್ನೇ ದೊಡ್ಡದಾಗಿದೆ: ಬೋರ್ (ಸಿಲಿಂಡರ್ ಅಗಲ) 86 ಮಿ.ಮೀ. ಇದ್ದದ್ದು 94 ಮಿ.ಮೀ. ಆಯಿತು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಅದೇ 86 ಮಿ.ಮೀ.

ಉತ್ತರ 3: ಮೇಲಿನ ಆರ್‌ಪಿಎಂವರೆಗೂ ಎಳೆದು ಓಡಿಸುವ ಮಜಾ ಹಳೆಯದರಲ್ಲೇ ಜಾಸ್ತಿ ಅನ್ನುವವನು ನಾನು. ಆದರೆ ದಿನಾ ಆಫೀಸಿಗೆ ಓಡಿಸುವುದಾದರೆ ಜಿಆರ್ ತಗೊಳ್ಳಿ.